ಹೇಳಿ, ಎಲ್ಲಿ ಕಟ್ಕೊಂಡಿದೆ?

ಒಳಚರಂಡಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಚರಂಡಿಯ ನಾತ ಬೇಗ ಒಗ್ಗಿಹೋಗುತ್ತದೆ. ಎಷ್ಟು ವರ್ಷವಾದರೂ ಒಗ್ಗದೆ ಉಳಿದದ್ದು ಅಲ್ಲಿನ ಎಂಜಿನಿಯರ್ ಸಾಹೇಬರ ಸೆಂಟು. ಅವರಿನ್ನೂ ಮೆಟ್ಟಿಲ ಬುಡದಲ್ಲಿರುವಾಗಲೇ ಅದು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕೂತಿರುತ್ತಿತ್ತು. ಗುಲಾಬಿಯೋ, ಸೀದ ಸಕ್ಕರೆಯೋ, ಏನೆಂದು ಹೇಳಲಾಗದ ಆ ಘಾಟು ಮೂಗಿಗೆ ಹೊಡೆದರೆ ಹಲೋ ಅಕ್ಕನಿಗೆ ಬೆಳಗ್ಗೆ ತಿಂದದ್ದು ಗಂಟಲಿಗೆ ಬರುತ್ತಿತ್ತು. ಮ್ಯಾನ್‌ಹೋಲಿನ ಹತ್ತಿರ ಮರೆತೂ ಸುಳಿಯದ ಮನುಷ್ಯನಿಗೆ ಅಷ್ಟು ಸೆಂಟು ಯಾಕೆ ಬೇಕೋ ಆ ದೇವರಿಗೇ ಗೊತ್ತು. ಬೆನ್ನ ಹಿಂದೆ ಎಲ್ಲರೂ ಅವರನ್ನು ಸೆಂಟ್ ಸಾಹೇಬರು ಎನ್ನುತ್ತಿದ್ದರು.

ಹಲೋ ಅಕ್ಕ ಎಂದರೆ ದೂರಿನ ಫೋನು ಎತ್ತುವವಳು. ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಹೆಸರು ಹಲೋ ಅಕ್ಕ ಎಂದಿದ್ದರೂ ಅವಳು ಹಲೋ ಎಂದು ಹೊತ್ತು ಕಳೆಯುತ್ತಿರಲಿಲ್ಲ. ಫೋನ್ ಎತ್ತಿದವಳೇ, "ಹೇಳಿ, ಎಲ್ಲಿ ಕಟ್ಕೊಂಡಿದೆ?" ಎಂದು ಕೇಳುತ್ತಿದ್ದಳು. ಆ ಕಡೆಯವರು ಬೈಯುತ್ತಿದ್ದರು, ಅಳುತ್ತಿದ್ದರು, ಕೆಲವರು ಅವಳ ವಂಶವನ್ನೇ ಜಾಲಾಡುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಬೀದಿ ಯಾವುದು, ತಿರುವು ಯಾವುದು ಎಂದು ಬಿಡಿಸಿ ಕೇಳಿ, ಮೇಸ್ತ್ರಿಯ ಬೆನ್ನು ಹತ್ತಿ ಗಾಡಿ ಕಳಿಸುತ್ತಿದ್ದಳು. ಬಾಯಿ ಒರಟು, ಕೆಲಸ ನೆಟ್ಟಗೆ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಅದರ ಮೇಲೊಂದಿಷ್ಟು ಜಂಬವೂ ಇತ್ತು.

ಅವಳ ಅಮ್ಮನಿಗೆ ಬಾಯಿಪಾಠವಾಗಿದ್ದದ್ದೂ ಆ ದೂರಿನ ಫೋನಿನ ನಂಬರೊಂದೇ. ಮಗಳ ಮೊಬೈಲ್ ನಂಬರನ್ನು ಎಷ್ಟು ಸಲ ಹೇಳಿಕೊಟ್ಟರೂ ಅರ್ಧಕ್ಕೆ ತಪ್ಪಿಹೋಗುತ್ತಿತ್ತು. ಅಮ್ಮನಿಗೆ ಸೊಂಟ ಮುರಿದು ಕೂಡಿಸಿತ್ತು. ಮಂಚದಿಂದ ಇಳಿಯಬೇಕಾದರೆ ಯಾರಾದರೂ ಕೈ ಕೊಡಬೇಕು. ಮನೆಯೋ ರಸ್ತೆಗಿಂತ ತಗ್ಗಿನಲ್ಲಿತ್ತು, ಬಾಗಿಲಿನಿಂದ ಮೂರು ಮೆಟ್ಟಿಲು ಕೆಳಗೆ. ಬಚ್ಚಲಿನ ಜಾಲರಿ ಒಂದು ದಿನ ಗುಳುಗುಳು ಎನ್ನತೊಡಗಿತ್ತು. ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡಿದೆ ಎಂದು ಅವಳು ತನ್ನದೇ ಕಚೇರಿಯ ಮೇಸ್ತ್ರಿಗೆ ಹೇಳಿದ್ದಳು. ಅವನು, "ನಾಳೆ ನೋಡೋಣ ಬಿಡಕ್ಕ, ಎಲ್ಲಿಗೆ ಓಡಿಹೋಗುತ್ತೆ?" ಎಂದು ಹಲ್ಲು ಕಿರಿದಿದ್ದ.

ಮರುದಿನ ಬೆಳಗ್ಗೆ ಹೊರಡುವಾಗ ಫೋನನ್ನು ಅಮ್ಮನ ದಿಂಬಿನ ಹತ್ತಿರ ಸರಿಸಿಟ್ಟಳು.

"ನೋಡಮ್ಮ, ನೀರು ಮೇಲೆ ಬಂದ್ರೆ ತಕ್ಷಣ ಫೋನ್ ಮಾಡು. ಒಬ್ಬಳೇ ಇಳಿಯೋಕೆ ಹೋಗ್ಬೇಡ. ಇನ್ನೊಂದ್ಸಲ ಬಿದ್ರೆ ಕೂಡಿಸೋಕಾಗಲ್ಲ ಅಂತ ಡಾಕ್ಟ್ರು ಹೇಳಿರೋದು ನೆನಪಿದೆ ತಾನೇ?"

"ನೀನು ಎತ್ತಬೇಕಲ್ಲ."

"ಎತ್ತದೆ ಏನು ಮಾಡ್ತೀನಿ? ಎತ್ತೋದೇ ನನ್ನ ಕೆಲಸ."

ಕಚೇರಿಗೆ ಬಂದರೆ ಅವಳ ಹಳೇ ಕಪ್ಪು ಫೋನು ಕಸದ ಬುಟ್ಟಿಯ ಪಕ್ಕದಲ್ಲಿ ವೈರು ಸುತ್ತಿಕೊಂಡು ಬಿದ್ದಿತ್ತು. ಮೇಜಿನ ಮೇಲೆ ಹೊಸದೊಂದು ಕೂತಿತ್ತು, ಮೈತುಂಬ ಗುಂಡಿ, ಹಣೆಯಲ್ಲೊಂದು ಕೆಂಪು ದೀಪ. ಫೋನ್ ಕಂಪನಿಯ ಮೆಕ್ಯಾನಿಕ್ ಮೇಜಿನ ಕೆಳಗಿನಿಂದ ತಲೆ ಹೊರಹಾಕಿ, "ನೀವೇನಾ ಮೇಡಂ ಎಲ್ಲರ ಫೋನೂ ಸೆಟ್ ಮಾಡೋರು? ಬನ್ನಿ, ಹೇಳಿಕೊಡ್ತೀನಿ," ಎಂದ. ಪಾಪ, ಅವನದೇನೂ ತಪ್ಪಿರಲಿಲ್ಲ. ಸ್ಟಾರ್ ಒತ್ತಿ, ಯಾರ ಫೋನಿಗೆ ಹೋಗಬೇಕೋ ಆ ನಂಬರ್ ಒತ್ತಿ, ಹ್ಯಾಶ್ ಒತ್ತಿದರೆ ಕಾಲ್ ಫಾರ್ವರ್ಡ್ ಆಗುತ್ತದೆ. ಯಾರೂ ಎತ್ತದಿದ್ದರೆ ವಾಯ್ಸ್‌ಮೇಲಿಗೆ ಬೀಳುತ್ತದೆ. ಸಂದೇಶ ಬಂದಿದ್ದರೆ ಕೆಂಪು ದೀಪ ಮಿಣುಕುತ್ತದೆ. ಮನೆಯಲ್ಲಿ ಕೂತೇ ಕಚೇರಿಯ ನಂಬರಿಗೆ ಫೋನ್ ಮಾಡಿ, ಗುಟ್ಟಿನ ಕೋಡ್ ಒತ್ತಿದರೆ ಎಲ್ಲವನ್ನೂ ಬದಲಾಯಿಸಬಹುದು. ಇಷ್ಟನ್ನೂ ಅವನು ಉಸಿರು ಬಿಡದೆ ಹೇಳಿ ಮುಗಿಸಿದ.

"ಫಾರ್ವರ್ಡ್ ಅಂದ್ರೆ ಏನಪ್ಪಾ, ಬಾಗಿಲಿಗೆ ಬಂದೋರಿಗೆ 'ಮುಂದಿನ ಮನೆಗೆ ಹೋಗಪ್ಪ' ಅಂತೀವಲ್ಲ, ಅದೇ ತಾನೇ?" ಎಂದಳು ಹಲೋ ಅಕ್ಕ.

ಮೆಕ್ಯಾನಿಕ್ ನಕ್ಕುಬಿಟ್ಟ. "ಅದೇ ಅನ್ಕೊಳ್ಳಿ ಮೇಡಂ."

ಮುಂದಿನ ಮನೆಯ ಆಟ ಆಗಲೇ ಶುರುವಾಯಿತು. ಸೆಂಟ್ ಸಾಹೇಬರು ತಮ್ಮ ಫೋನನ್ನು ಮೇಸ್ತ್ರಿಗೆ ತಿರುಗಿಸಲು ಹೇಳಿದರು. ಮೇಸ್ತ್ರಿ ಕಿವಿಯ ಹತ್ತಿರ ಬಂದು, "ಅಕ್ಕ, ನನ್ನದನ್ನ ಉಗ್ರಾಣಕ್ಕೆ ಹಾಕ್ಬಿಡು, ನಾನು ಫೀಲ್ಡಲ್ಲಿ ಇರ್ತೀನಿ," ಎಂದ. ಅವನ ಫೀಲ್ಡ್ ಎಂದರೆ ಎದುರಿನ ಟೀ ಅಂಗಡಿ. ಉಗ್ರಾಣದವನು ಕಾಗದದ ಚೂರಿನಲ್ಲಿ ಸುತ್ತಿದ ಕಡಲೆಬೀಜ ಅಗಿಯುತ್ತಾ, "ನಂದು ನಿಮಗೇ ಬರಲಿ ಅಕ್ಕ, ನೀವು ಹೆಂಗೂ ಎತ್ತೋರು," ಎಂದು ಸಿಪ್ಪೆಯನ್ನು ಅವಳ ಮೇಜಿನ ಮೇಲೇ ಉದುರಿಸಿ ಹೋದ. ಒಬ್ಬೊಬ್ಬರ ಮುಖದಲ್ಲೂ ಎಂಥಾ ನಿರಾಳ. ಹೆಗಲ ಮೇಲಿನ ಭಾರವನ್ನು ಪಕ್ಕದವನ ಹೆಗಲಿಗೆ ಜಾರಿಸಿದ ಸುಖ ಅದು, ಆ ಸುಖದಲ್ಲಿ ಹೊಳೆಯುವ ಮುಖಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಆದರೂ ಸ್ಟಾರ್ ಒತ್ತಿದಳು, ನಂಬರ್ ಒತ್ತಿದಳು, ಹ್ಯಾಶ್ ಒತ್ತಿದಳು.

ಸೆಂಟ್ ಸಾಹೇಬರು ಒಂದು ಚೀಟಿ ತಂದು ಅವಳ ಮುಂದಿಟ್ಟರು. "ಇದು ನನ್ನ ಜೇಬಿನ ಫೋನಿನ ನಂಬರು. ಮೇಲಿನ ಆಫೀಸಿಂದ ದೊಡ್ಡವರು ಮಾಡಿದ್ರೆ ಮಾತ್ರ ಇದಕ್ಕೆ ಬರಬೇಕು. ಸೆಟ್ ಮಾಡಿ ಚೀಟಿ ಹರಿದುಹಾಕಿ. ಪಬ್ಲಿಕ್‌ಗೆ ಸಿಕ್ಕಿದ್ರೆ ನನ್ನ ಪ್ರಾಣ ತಿಂದುಬಿಡ್ತಾರೆ."

"ಸಾರ್, ಎಲ್ಲರದೂ ಸುತ್ತಿ ನನಗೇ ಬರುತ್ತೆ. ನಾನು ಬಚ್ಚಲಿಗೆ ಎದ್ದುಹೋಗಿದ್ರೆ ಎತ್ತೋರು ಯಾರು?"

"ಅದಕ್ಕೇ ಅಲ್ವೇನಮ್ಮ ವಾಯ್ಸ್‌ಮೇಲ್ ಇರೋದು."

ವಾಯ್ಸ್‌ಮೇಲಿಗೆ ದನಿ ಬೇಕಾಯಿತು. ಅವಳು ಅಭ್ಯಾಸದಂತೆ, "ಹೇಳಿ, ಎಲ್ಲಿ ಕಟ್ಕೊಂಡಿದೆ?" ಎಂದು ರೆಕಾರ್ಡ್ ಮಾಡಿದಳು. ಸೆಂಟ್ ಸಾಹೇಬರು ಮೂಗು ಮುರಿದರು. "ಏನಮ್ಮ ಇದು, ಜಗಳಕ್ಕೆ ಬಂದ ಹಾಗೆ? ಮಧ್ಯಾಹ್ನ ದೊಡ್ಡವರು ಉದ್ಘಾಟನೆಗೆ ಬರ್ತಿದಾರೆ. ನಯವಾಗಿರಲಿ. ದನಿಯಲ್ಲಿ ಸ್ವಲ್ಪ ನಗು ಇರಲಿ." ಅವರೇ ಬರೆದು ತಂದಿದ್ದರು. ಒಂದು ಸಲ ಓದಿದಳು, ನಗು ಸಾಲದು ಎಂದರು. ಇನ್ನೊಂದು ಸಲ ಓದಿದಳು, ಜೇನು ಸಾಲದು ಎಂದರು. ಕೊನೆಗೆ, ಅಂಗಡಿಯವನು ಕೊಳೆತ ಹಣ್ಣು ಮಾರುವಾಗ ಎಳೆಯುವಂಥ ರಾಗವನ್ನು ಅವಳು ಎಳೆದಳು:

"ನಮಸ್ಕಾರ. ನಿಮ್ಮ ಕರೆ ನಮಗೆ ಅಮೂಲ್ಯ. ನಿಮ್ಮ ಸೇವೆಯೇ ನಮ್ಮ ಸಂತೋಷ. ದಯವಿಟ್ಟು ಸದ್ದು ಕೇಳಿದ ಮೇಲೆ ಮಾತನಾಡಿ, ನಾವು ಆಲಿಸುತ್ತಿದ್ದೇವೆ."

"ಆಹಾ," ಎಂದರು ಸೆಂಟ್ ಸಾಹೇಬರು.

ಕೇಳಿಸಿಕೊಂಡ ಹಲೋ ಅಕ್ಕನಿಗೆ ತನ್ನ ನಾಲಿಗೆಯನ್ನು ಸೋಪು ಹಾಕಿ ತೊಳೆಯಬೇಕು ಅನ್ನಿಸಿತು. ಆಲಿಸುತ್ತಿದ್ದೇವೆ ಅಂತೆ, ಯಾರಪ್ಪ ಆಲಿಸುತ್ತಿರುವವರು?

ಉದ್ಘಾಟನೆಯ ಹೊತ್ತಿಗೆ ಫೋನು ಹೊಡೆದುಕೊಂಡರೆ ಭಾಷಣಕ್ಕೆ ತೊಂದರೆ ಎಂದು, ಎಲ್ಲ ಕರೆಗಳನ್ನೂ ರಿಂಗ್ ಆಗದಂತೆ ನೇರ ವಾಯ್ಸ್‌ಮೇಲಿಗೆ ಕಳಿಸಬೇಕೆಂಬ ಆಜ್ಞೆಯಾಯಿತು. ಸಿಬ್ಬಂದಿಯ ಮೊಬೈಲುಗಳು ಡ್ರಾಯರಿನೊಳಗೆ ಹೋಗಬೇಕು. ಅಮ್ಮನಿಗೆ ಒಂದು ಮಾತು ಹೇಳಿಬಿಡೋಣ ಎಂದು ಅವಳು ಮನೆಗೆ ನಂಬರ್ ಒತ್ತತೊಡಗಿದಳು. ಅರ್ಧ ಒತ್ತಿರಲಿಲ್ಲ, ಘಮ್ಮೆನ್ನುವ ಬೆರಳೊಂದು ಬಂದು ಲೈನು ಕತ್ತರಿಸಿತು.

"ಮನೆ ಮಾತು ಆಮೇಲೆ. ಕಾರು ಬಂತು, ಕುರ್ಚಿ ಸರಿ ಮಾಡು."

"ಸಾರ್, ಮನೇಲಿ ಅಮ್ಮ ಒಬ್ಬಳೇ ಇದಾಳೆ, ಬಚ್ಚಲಲ್ಲಿ ನೀರು..."

"ನಿಮ್ಮಮ್ಮ ಒಂದು ಗಂಟೆ ತಡ್ಕೊಳ್ಳಲ್ವೇನಮ್ಮ? ಎಲ್ಲರ ಮನೆಯಲ್ಲೂ ಅಮ್ಮಂದಿರು ಇದಾರೆ."

ಆಗಲೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಒಂದು ಗಂಟೆ ತಾನೇ ಎಂದುಕೊಂಡು ತಾನೇ ಕೈಯಾರೆ ಹ್ಯಾಶ್ ಒತ್ತಿ ಕರೆಗಳನ್ನು ವಾಯ್ಸ್‌ಮೇಲಿಗೆ ತಿರುಗಿಸಿ, ಕುರ್ಚಿ ಸಾಲು ಮಾಡಲು ಹೋದಳು.

ದೊಡ್ಡವರು ಬಂದರು, ಅವರ ಹಿಂದೆ ಅವರ ಚೀಲ ಹೊತ್ತವನು ಬಂದ. ಬಿಸ್ಕತ್ತು ಬಂತು, ಟೀ ಬಂತು. ಸೆಂಟ್ ಸಾಹೇಬರು ಎದ್ದು ನಿಂತು, ಇನ್ನು ಮುಂದೆ ನಾಗರಿಕರ ಒಂದೇ ಒಂದು ಕರೆಯೂ ವ್ಯರ್ಥವಾಗುವುದಿಲ್ಲ ಎಂದರು. ಟೀ ಅಂಗಡಿಯಿಂದ ಎದ್ದುಬಂದಿದ್ದ ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಬಿಸ್ಕತ್ತಿನ ಪುಡಿಯನ್ನು ಮಡಿಲಿನಿಂದ ಕೊಡವಿಕೊಳ್ಳುತ್ತಾ ದೊಡ್ಡವರು, "ಎಲ್ಲಿ, ಹೆಂಗೆ ಕೆಲಸ ಮಾಡುತ್ತೆ ತೋರಿಸಿ," ಎಂದರು. ಫೋನಿನ ಹಣೆಯ ಕೆಂಪು ದೀಪ ಯಾವಾಗಿನಿಂದಲೋ ಮಿಣುಕುತ್ತಿತ್ತು. ಹಲೋ ಅಕ್ಕನ ಕಣ್ಣು ಭಾಷಣದ ಉದ್ದಕ್ಕೂ ಅದರ ಮೇಲೇ ಇತ್ತು.

ಸೆಂಟ್ ಸಾಹೇಬರು ಸ್ಪೀಕರ್ ಹಾಕಿ ಗುಂಡಿ ಒತ್ತಿದರು.

"ಏನೇ, ನಾನು ಕಣೇ." ಕೋಣೆಯ ತುಂಬ ಅಮ್ಮನ ದನಿ. "ಇದೇನೇ ನಮಸ್ಕಾರ ಗಿಮಸ್ಕಾರ ಅಂತ ಶುರು ಮಾಡಿದೀಯ? ಬಚ್ಚಲಿಂದ ನೀರು ಹೊರಗೆ ಬಂತು. ಬೇಗ ಬಾ. ಹ್ಞಾಂ? ಮಾತಾಡೇ."

ಟೊಂಯ್ ಎಂದು ಸದ್ದಾಯಿತು. ದೊಡ್ಡವರ ತುಟಿಯಲ್ಲಿ ನಗು ಮೂಡಿತು. "ಯಾರೋ ಅಜ್ಜಿ, ಮೆಷಿನ್ ಜೊತೆ ಮಾತಾಡ್ತಿದೆ," ಎಂದರು. ಅವರು ನಕ್ಕರೆ ಉಳಿದವರು ಸುಮ್ಮನಿರಲಾದೀತೇ, ಎಲ್ಲರೂ ನಕ್ಕರು. ಹಲೋ ಅಕ್ಕ ಟೀ ತಟ್ಟೆ ಹಿಡಿದುಕೊಂಡೇ ಫೋನಿನ ಹತ್ತಿರ ಬಂದಳು. ಎರಡನೆಯ ಸಂದೇಶ ಆಗಲೇ ಶುರುವಾಗಿತ್ತು.

"ಮತ್ತೆ ಅದನ್ನೇ ಹೇಳ್ತೀಯಲ್ಲೇ. ಅಮೂಲ್ಯ ಅಂತೆ ಅಮೂಲ್ಯ. ನಿನ್ನ ಎದುರಿಗೆ ಯಾರಾದ್ರೂ ಕೂತಿದಾರಾ? ಹೂಂ ಅನ್ನು ಸಾಕು, ಅರ್ಥ ಮಾಡ್ಕೋತೀನಿ. ಹೊಲಸು ನೀರು ಮಂಚದ ಕಾಲಿಗೆ ಬಂದಿದೆ. ನಾತಕ್ಕೆ ಉಸಿರು ಕಟ್ತಿದೆ ಕಣೇ. ಹೂಂ ಅನ್ನೇ."

ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಉಗ್ರಾಣದವನು ಕಣ್ಣೊರೆಸಿಕೊಳ್ಳುತ್ತಿದ್ದ.

"ಸಾರ್, ಅದು ನಮ್ಮಮ್ಮ," ಎಂದಳು ಹಲೋ ಅಕ್ಕ. ಆ ನಗುವಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಮೂರನೆಯದರಲ್ಲಿ ಅಮ್ಮ ಕೂಗಾಡಲಿಲ್ಲ. ದನಿ ಸಣ್ಣಗಾಗಿತ್ತು, ಹಿಂದೆ ನೀರಿನಲ್ಲಿ ಪಾತ್ರೆ ತೇಲುವ ಸದ್ದಿತ್ತು. "ಆಯ್ತು ಬಿಡು. ಆಲಿಸ್ತಾ ಇದೀನಿ ಅಂತೀಯ, ಆಲಿಸಿ ಸುಮ್ಮನೆ ಇರ್ತೀಯ. ಹೆತ್ತ ತಾಯಿಗೆ ಯಾರೋ ಮೂರನೆಯೋರಿಗೆ ಹೇಳೋ ಹಾಗೆ ಹೇಳ್ತೀಯ. ಮಗಳು ದೊಡ್ಡ ಆಫೀಸಲ್ಲಿದಾಳೆ, ನಾನೇ ಇಳಿದು ಬಾಗಿಲಿಗೆ ಹೋಗ್ತೀನಿ. ಇನ್ನು ಫೋನ್ ಮಾಡಲ್ಲ." ಮಂಚ ಕಿರ್ರೆಂದಿತು. ಏನೋ ದಪ್ಪನೆ ಬಿದ್ದ ಸದ್ದು.

ಆಮೇಲೆ ಯಂತ್ರದ ದನಿ, ಸಂದೇಶವನ್ನು ಉಳಿಸಲು ಎರಡು ಒತ್ತಿ, ಅಳಿಸಲು ಮೂರು ಒತ್ತಿ ಎಂದಿತು.

ಸೆಂಟ್ ಸಾಹೇಬರು ದೊಡ್ಡವರ ಮುಖ ನೋಡಿದರು, ಫೋನ್ ನೋಡಿದರು, ಬಗ್ಗಿ ಮೂರು ಒತ್ತಿದರು. "ಹೊಸ ಸಂದೇಶಗಳಿಲ್ಲ," ಎಂದಿತು ಯಂತ್ರ. ಕೆಂಪು ದೀಪ ಆರಿತು.

ಹಲೋ ಅಕ್ಕ ತಟ್ಟೆಯನ್ನು ಸೆಂಟ್ ಸಾಹೇಬರ ಮೇಲೇ ಚೆಲ್ಲಿದಳೋ ಕೈತಪ್ಪಿ ಬೀಳಿಸಿದಳೋ, ಅಂತೂ ಟೀ ಎಲ್ಲ ಅವರ ಪ್ಯಾಂಟಿನ ಮೇಲಾಯಿತು. ಡ್ರಾಯರಿನಿಂದ ಮೊಬೈಲ್ ಕಿತ್ತುಕೊಂಡು, ಹರಿಯದೆ ಮೇಜಿನ ಮೇಲೇ ಉಳಿದಿದ್ದ ಸಾಹೇಬರ ಚೀಟಿಯನ್ನೂ ಮುಷ್ಟಿಯಲ್ಲಿ ಮುದುರಿಕೊಂಡು ಮೆಟ್ಟಿಲು ಇಳಿದಳು. "ಏನಮ್ಮ ನಿನಗೆ ಕಣ್ಣು ಕಾಣಲ್ವಾ," ಎನ್ನುತ್ತಿದ್ದುದು ಹಿಂದಿನಿಂದ ಕೇಳಿಸಿತು. ದಾರಿಯುದ್ದಕ್ಕೂ ಮನೆಗೆ ಫೋನ್ ಮಾಡುತ್ತಲೇ ಓಡಿದಳು. ರಿಂಗ್ ಆಗುತ್ತಿತ್ತು, ಎತ್ತುವವರಿರಲಿಲ್ಲ. ಆ ದಪ್ಪನೆಯ ಸದ್ದು ಕಿವಿಯಿಂದ ಇಳಿಯಲೊಲ್ಲದು.

ಮನೆಯ ಮೂರು ಮೆಟ್ಟಿಲುಗಳಲ್ಲಿ ಎರಡು ಮುಳುಗಿದ್ದವು. ಮೇಲಿನ ಮೆಟ್ಟಿಲ ಮೇಲೆ, ತೆರೆದ ಬಾಗಿಲಿಗೆ ಒರಗಿ ಅಮ್ಮ ಕೂತಿದ್ದಳು. ಸೀರೆ ತೊಡೆಯವರೆಗೆ ಕಪ್ಪಗೆ ನೆನೆದಿತ್ತು. ಮೊಣಕೈ ತರಚಿತ್ತು. ಕೂದಲಿಗೆ ಹೊಲಸು ಸಿಡಿದಿತ್ತು. ಬಿದ್ದದ್ದು ಅವಳಲ್ಲ, ಹಿಡಿದುಕೊಂಡ ಸ್ಟೂಲು. ಅದನ್ನೇ ನೀರಿನೊಳಗೆ ತಳ್ಳಿಕೊಂಡು, ಗೋಡೆ ಹಿಡಿದುಕೊಂಡು, ಒಬ್ಬಳೇ ಇಲ್ಲಿಯವರೆಗೆ ಬಂದಿದ್ದಳು. ಮಗಳು ಬಂದು ತಬ್ಬಿಕೊಂಡರೆ ಅಮ್ಮ ಕಲ್ಲಿನ ಹಾಗೆ ಕೂತೇ ಇದ್ದಳು.

"ಅಮ್ಮಾ, ಸೊಂಟಕ್ಕೇನಾದ್ರೂ ಆಯ್ತಾ? ಮಾತಾಡಮ್ಮ."

"ನಮಸ್ಕಾರ," ಎಂದಳು ಅಮ್ಮ, ಬೀದಿಯ ಕಡೆ ಮುಖ ತಿರುಗಿಸಿ.

ಹಲೋ ಅಕ್ಕ ಪಕ್ಕದ ಮನೆಯಿಂದ ನೀರು ತಂದು ಅಮ್ಮನ ಕಾಲು ತೊಳೆದಳು. ಉಗುರಿನ ಸಂದಿಗಳನ್ನು ಬೆರಳಲ್ಲಿ ಉಜ್ಜಿದಳು. ಊರಿನವರ ಹೇಲು ಉಚ್ಚೆಯೆಲ್ಲ ತನ್ನ ಹೆತ್ತವಳ ಕಾಲಿಗೆ ಮೆತ್ತಿತ್ತು, ಅದಕ್ಕೆ ಅವಳಿಗೆ ಅಸಹ್ಯವಾಗಲಿಲ್ಲ. ಆ ಜೇನಿನಂಥ ರಾಗ ನೆನಪಾದಾಗ ಮಾತ್ರ ತೋಳಿನಿಂದ ಬಾಯಿ ಒರೆಸಿಕೊಂಡಳು.

"ಅದು ನಾನಲ್ಲಮ್ಮ. ಮೆಷಿನ್."

"ಮೆಷಿನ್ ಅಂತೆ. ಹೆತ್ತವಳಿಗೆ ನಿನ್ನ ದನಿ ಗೊತ್ತಾಗಲ್ವಾ? ಮೆಷಿನ್‌ಗೆ ನಿನ್ನ ಗಂಟಲು ಎಲ್ಲಿಂದ ಬಂತೇ?"

ಹಲೋ ಅಕ್ಕ ಮೊಬೈಲ್ ತೆಗೆದು, ಸ್ಪೀಕರ್ ಹಾಕಿ, ಕಚೇರಿಯ ನಂಬರ್ ಒತ್ತಿದಳು. ಒಂದು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ನಮಸ್ಕಾರ, ನಿಮ್ಮ ಕರೆ ನಮಗೆ ಅಮೂಲ್ಯ, ಎಂದಿತು ಮೊಬೈಲು. ಅಮ್ಮ ಮುಚ್ಚಿದ ಬಾಯಿಯನ್ನು ನೋಡಿದಳು, ಮೊಬೈಲನ್ನು ನೋಡಿದಳು. ಸಂತೋಷವೂ ಮುಗಿಯಿತು, ಆಲಿಸುವುದೂ ಮುಗಿಯಿತು, ಟೊಂಯ್ ಎಂದಿತು.

"ಥೂ," ಎಂದಳು ಅಮ್ಮ ಮೊಬೈಲಿನೊಳಕ್ಕೆ. "ನಿನ್ನ ನಯಕ್ಕಿಷ್ಟು ಬೆಂಕಿ ಹಾಕ." ಆಮೇಲೆ ಮಗಳತ್ತ ತಿರುಗಿದಳು. ಕೋಪ ಇಳಿದಿತ್ತು, ಅದಕ್ಕಿಂತ ಕೆಟ್ಟದ್ದೇನೋ ಕಣ್ಣಿನಲ್ಲಿತ್ತು. "ನನಗೊಬ್ಬಳಿಗೇನಾ, ಊರಿಗೆಲ್ಲ ಹೀಗೇ ಹೇಳ್ತಿದೀಯಾ? ಬೆಳಗ್ಗಿಂದ ಇನ್ನೆಷ್ಟು ಜನ ಅತ್ತಿದಾರೋ ಇವಳ ಮುಂದೆ?"

ಅಮ್ಮ ಇವಳ ಎಂದದ್ದು ಯಂತ್ರಕ್ಕೋ ತನಗೋ ಎಂದು ಹಲೋ ಅಕ್ಕ ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಮುಷ್ಟಿಯಲ್ಲಿ ಬೆವತು ಮೆತ್ತಗಾಗಿದ್ದ ಚೀಟಿಯನ್ನು ಮೊಣಕಾಲ ಮೇಲೆ ಬಿಡಿಸಿ ಹರಡಿದಳು. ಮತ್ತೆ ಕಚೇರಿಗೆ ಫೋನ್ ಹಚ್ಚಿ, ತನ್ನದೇ ದನಿ ನಮಸ್ಕಾರ ಎನ್ನುತ್ತಿದ್ದಂತೆ ಅದರ ಬಾಯಿಗೆ ಮೆಕ್ಯಾನಿಕ್ ಹೇಳಿಕೊಟ್ಟಿದ್ದ ಗುಟ್ಟಿನ ಕೋಡ್ ಒತ್ತಿದಳು. ಆ ಹಾಳು ರಾಗವನ್ನು ಮೊದಲು ಅಳಿಸಿದಳು. ಆಮೇಲೆ ಸ್ಟಾರ್ ಒತ್ತಿ, ಚೀಟಿಯಲ್ಲಿದ್ದ ನಂಬರನ್ನು ಒಂದೊಂದಾಗಿ ಒತ್ತಿ, ಹ್ಯಾಶ್ ಒತ್ತಿದಳು. ಊರಿನ ದೂರೆಲ್ಲ ಇನ್ನು ಸೀದಾ ಸೆಂಟ್ ಸಾಹೇಬರ ಜೇಬಿಗೆ. ಕೆಲಸ ಹೋದರೆ ಹೋಗಲಿ, ಬಾಯಿ ತೊಳೆದುಕೊಂಡ ಹಾಗಾಯಿತು.

"ಏನು ಮಾಡಿದೆ?" ಎಂದಳು ಅಮ್ಮ.

"ಮುಂದಿನ ಮನೆಗೆ ಕಳಿಸಿದೆ. ಈಗ ಮಾಡು ಫೋನು."

ಅಮ್ಮ ಬಾಯಿಪಾಠದ ನಂಬರನ್ನು ತಾನೇ ಒತ್ತಿದಳು. ಎರಡೇ ರಿಂಗಿಗೆ ಎತ್ತಿದರು. ದೊಡ್ಡವರ ಕಾರು ಆಗ ತಾನೇ ಹೊರಟಿರಬೇಕು, ಅವರೇ ದಾರಿಯಿಂದ ಮಾಡಿದ್ದಾರೆಂದುಕೊಂಡ ಸೆಂಟ್ ಸಾಹೇಬರ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಸಾರ್, ಹೇಳಿ ಸಾರ್, ನಿಮ್ಮ ಸೇವೆಯೇ ನಮ್ಮ..."

"ನಮ್ಮ ಮನೇಲಿ ಕಟ್ಕೊಂಡಿದೆ," ಎಂದಳು ಅಮ್ಮ. "ಹೊಲಸು ಮಂಚದ ಮಟ್ಟಕ್ಕೆ ಬಂದಿದೆ. ಗಾಡಿ ಯಾವಾಗ ಕಳಿಸ್ತೀಯಪ್ಪ?"

ಆ ಕಡೆಯಿಂದ ಮಾತಿಲ್ಲ. ಉಸಿರಾಡುವ ಸದ್ದು ಮಾತ್ರ ಕೇಳಿಸುತ್ತಿತ್ತು.

"ನಿನ್ನನ್ನೇ ಕೇಳ್ತಿರೋದು. ಮನುಷ್ಯನೋ, ಮೆಷಿನ್ನೋ?"

ಅಮ್ಮ ಬಹಳ ಹೊತ್ತು ಕಾದಳು. ಕಾದು ಕಾದು, ಫೋನನ್ನು ಮಗಳ ಕೈಗೆ ಕೊಟ್ಟಳು.

"ಇದೂ ಮೆಷಿನ್ನೇ ಕಣೇ," ಎಂದಳು.